ಕುಡಿದು ಕೆಲಸಕ್ಕೆ ಬರುವವರನ್ನು ಹಿಡಿಯಲು ಯಾವ ಬ್ರೆತಲೈಸರ್ ಕೊಳ್ಳಲಿ?

ನಾನೂ ಒಂದು ಕೊಂಡಿದ್ದೆ. ಪೀಣ್ಯದಲ್ಲಿ ತಗಡು ಒತ್ತಿ ಕತ್ತರಿಸುವ ನಾಲ್ಕು ಪವರ್ ಪ್ರೆಸ್‌ಗಳ ಶೆಡ್ ನನ್ನದು, ಹದಿನೆಂಟು ಜನ. ಶನಿವಾರ ಬಟವಾಡೆ, ಸೋಮವಾರ ನಾಲ್ಕೈದು ಜನ ಗೈರು, ಬಂದವರಲ್ಲೂ ಒಬ್ಬಿಬ್ಬರ ಬಾಯಲ್ಲಿ ವಾಸನೆ. ಗೇಟಿನಲ್ಲಿ ನಾನೇ ನಿಂತು ಊದಿಸಿದೆ. ಮೊದಲ ದಿನವೇ ಸಿಕ್ಕವರು ನಮ್ಮ ಡೈ ಸೆಟ್ಟರ್, ಅಂದರೆ ಪ್ರೆಸ್ಸಿಗೆ ಅಚ್ಚು (ಡೈ) ಕೂರಿಸುವವರು, ನನಗೆ ಕೆಲಸ ಕಲಿಸಿದ ಹಿರಿಯರು. "ನಾಳೆ ಸೊನ್ನೆ ಬರದಿದ್ದರೆ ಲೆಕ್ಕ ಮುಗಿಸಿಕೊಂಡು ಹೋಗಿ" ಎಂದೆ, ಎಲ್ಲರ ಎದುರಿಗೆ.

ಮರುದಿನ ಸೊನ್ನೆಯೇ ಬಂತು. ನಾನು ಒಳಗೊಳಗೇ ಬೀಗಿದೆ. ಡೈ ಬಿಗಿಯಲು ಹೋದರೆ ಅವರ ಕೈಯ ಸ್ಪ್ಯಾನರ್ ನಟ್ಟಿನ ಮೇಲೆ ಕೂರಲೇ ಇಲ್ಲ, ಕಟಕಟನೆ ಸುತ್ತಲೂ ಬಡಿಯುತ್ತಿತ್ತು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹನ್ನೊಂದರ ಚಹಾ ಬರುವ ಮೊದಲೇ ಫಿಟ್ಸ್ ಬಂದು ಬಿದ್ದರು. ಪ್ರೆಸ್ ಆಫ್ ಆಗಿತ್ತು, ಕೈ ಉಳಿಯಿತು. ಹಣೆಗೆ ಐದು ಹೊಲಿಗೆ.

ನನ್ನ ತಪ್ಪು ಬೈದದ್ದಲ್ಲ, ಹೆದರಿಸಿದ್ದೂ ಅಲ್ಲ, "ನಾಳೆ" ಎಂದದ್ದು. ವರ್ಷಗಟ್ಟಲೆ ದಿನವೂ ಕುಡಿದವರು ದಿಢೀರನೆ ನಿಲ್ಲಿಸಬಾರದು, ಅದು ನನಗೆ ಗೊತ್ತಿರಲಿಲ್ಲ. ವೈದ್ಯರು ಬಿಡಿಸಿ ಹೇಳಿದರು: ಮದ್ಯ ಮಿದುಳನ್ನು ಅದುಮಿ ಹಿಡಿಯುತ್ತದೆ, ಮಿದುಳು ಅದಕ್ಕೆದುರಾಗಿ ತನ್ನ ಬಿರುಸು ಹೆಚ್ಚಿಸಿಕೊಂಡಿರುತ್ತದೆ. ಅದುಮಿದ ಕೈ ತೆಗೆದರೆ ಬಿರುಸು ಮಾತ್ರ ಉಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ ಫಿಟ್ಸ್, ಎರಡು ಮೂರು ದಿನಕ್ಕೆ ಕೆಲವರಿಗೆ ಭ್ರಾಂತಿ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಅಂದರೆ ನನ್ನ ಶೆಡ್ಡಿನಲ್ಲಿ ಅತ್ಯಂತ ಅಪಾಯದ ಮನುಷ್ಯನಿಗೆ ನನ್ನ ಯಂತ್ರ ಸೊನ್ನೆ ತೋರಿಸಿ ಒಳಗೆ ಬಿಟ್ಟಿತ್ತು. ಅಂದು ಅವರನ್ನು ಪ್ರೆಸ್ಸಿನ ಬಳಿಗೆ ಕಳುಹಿಸುವ ಬದಲು ಆಸ್ಪತ್ರೆಗೆ ಕರೆದೊಯ್ದಿದ್ದರೆ ಕೆಲವು ದಿನಗಳ ಮಾತ್ರೆಯಲ್ಲಿ ಆ ಘಟ್ಟ ದಾಟುತ್ತಿತ್ತು.

ಆದ್ದರಿಂದ ಯಾವ ಬ್ರೆತಲೈಸರ್ ಎಂದು ಕೇಳಬೇಡಿ. ಪ್ರೆಸ್ ಇರುವಲ್ಲಿ ಅದು ಬೇಕು, ಯಾವುದಾದರೂ ನಡೆಯುತ್ತದೆ. ಹಿಡಿದವರನ್ನು ಎಲ್ಲಿಗೆ ಕಳುಹಿಸುತ್ತೀರಿ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ನಾವು ನಿಮ್ಹಾನ್ಸ್‌ಗೆ ಹೋದೆವು, ಅಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರವಿದೆ. ದೂರವಿದ್ದರೆ 14446 ವ್ಯಸನಮುಕ್ತಿ ಸಹಾಯವಾಣಿಗೆ ಕರೆ ಮಾಡಿ. ಚಿಕಿತ್ಸೆ ಮುಗಿಯುವ ತನಕ ಅವರ ಕೆಲಸ ಅವರಿಗೇ ಇರಲಿ. ಕೆಲಸ ಹೋಗುತ್ತದೆಂದರೆ ಯಾರೂ ಬಾಯಿ ಬಿಡುವುದಿಲ್ಲ, ಊದುವ ಮೊದಲು ಏಲಕ್ಕಿ ಅಗಿಯುತ್ತಾರೆ ಅಷ್ಟೇ.

ಇನ್ನೊಂದು. ಆಯುಧಪೂಜೆಯ ಸಂಜೆ ಬಾಟಲಿ ಹಂಚುವ ಮಾಲೀಕರು ನೀವೂ ಆಗಿದ್ದರೆ ಅದನ್ನು ಮೊದಲು ನಿಲ್ಲಿಸಿ. ನಾನು ಎಂಟು ವರ್ಷ ಹಂಚಿದ್ದೆ. ಈಗ ಬಾಡೂಟ ಹಾಕಿಸುತ್ತೇನೆ, ಗೊಣಗುವವರು ಗೊಣಗುತ್ತಾರೆ. ಬಟವಾಡೆಯನ್ನು ಮಂಗಳವಾರಕ್ಕೆ ಸರಿಸಿದಾಗಲೂ ಒಂದು ತಿಂಗಳು ಗಲಾಟೆಯಾಯಿತು.

ಡೈ ಸೆಟ್ಟರ್ ಮೂರು ವಾರದ ನಂತರ ಬಂದರು. ಅಂದು ಗೇಟಿನಲ್ಲಿ ಮೊದಲು ನಾನೇ ಊದಿದೆ. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ನನ್ನ ಅಂಕಿ ಓದಿದ ಮೇಲೆಯೇ ಯಂತ್ರಕ್ಕೆ ಕೈ ಚಾಚಿದರು.