ವ್ಯಾಕರಣ ಸರಿಯಿತ್ತು, ತೊಡಕಿದ್ದದ್ದು ಓದಿನಲ್ಲಿ

ಅಮೆರಿಕದ ಕಮ್ಯುನಿಟಿ ಕಾಲೇಜೊಂದಕ್ಕೆ ಸೇರಲು ಹೊರಟು ನನ್ನ ಸಲಹೆ ಕೇಳಿದ, ಮೂವತ್ತು ದಾಟಿದ ಮಹಿಳೆಯ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ, ಮದುವೆಯಾಗಿ ಅಲ್ಲಿಗೆ ಹೋದವರು. ಅರ್ಧ ದಿನದ ಕೆಲಸ, ಶಾಲೆಗೆ ಹೋಗುವ ಮಗು. ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಬೇಕೆಂಬುದು ಆಸೆ.

ಆ ಕಾಲೇಜಿನಲ್ಲಿ ಯಾವ ಇಂಗ್ಲಿಷ್ ಕೋರ್ಸಿಗೆ ಸೇರಬೇಕೆಂದು ವಿದ್ಯಾರ್ಥಿಯೇ ಪ್ರಶ್ನಾವಳಿ ತುಂಬಿ ತೀರ್ಮಾನಿಸುವ ಪದ್ಧತಿ. ಈಕೆ ಎಲ್ಲ ಪ್ರಶ್ನೆಗೂ 'ಸಾಲದು' ಎಂದೇ ಗುರುತು ಹಾಕಿದ್ದರು. "ಮೇಡಂ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೊದಲು ಬೇಸಿಕ್ ರೈಟಿಂಗ್, ಆಮೇಲೆ ಬೇಸಿಕ್ ರೀಡಿಂಗ್, ಆಮೇಲೆ ಕಾಂಪೊಸಿಷನ್. ಬುನಾದಿ ಗಟ್ಟಿಯಾಗ್ಲಿ," ಎಂದರು. ಕಾಂಪೊಸಿಷನ್ ಎಂದರೆ ಪದವಿ ಮಟ್ಟದ ಪ್ರಬಂಧ ಬರಹದ ಕೋರ್ಸು. ನಮ್ಮವರಿಗೆ 'ನನಗೆ ಬರುತ್ತದೆ' ಎನ್ನಲು ಸಂಕೋಚ. ಇಂಥ ಪ್ರಶ್ನಾವಳಿ ಆ ಸಂಕೋಚವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ಪ್ರಶ್ನಾವಳಿ ಬದಿಗಿಟ್ಟು, ಒಂದೂವರೆ ಪುಟದ ಅಭಿಪ್ರಾಯ ಲೇಖನ ಓದಲು ಕೊಟ್ಟೆ. ಐದಾರು ವಾಕ್ಯಗಳಲ್ಲಿ ಸಾರಾಂಶ ಬರೆಯಿರಿ ಎಂದೆ. ಬರೆದದ್ದರಲ್ಲಿ ಒಂದೆರಡು ಕಡೆ 'ದಿ' ಬಿಟ್ಟುಹೋಗಿದ್ದು ಬಿಟ್ಟರೆ ವ್ಯಾಕರಣ ಚೆನ್ನಾಗಿಯೇ ಇತ್ತು. ಆದರೆ ಲೇಖಕರ ನಿಲುವು ತಲೆಕೆಳಗಾಗಿತ್ತು! ಲೇಖನದ ಮೊದಲ ಎರಡು ಪ್ಯಾರಾಗಳಲ್ಲಿ ಎದುರಾಳಿಗಳ ವಾದವಿತ್ತು. ಲೇಖಕರು ಅದನ್ನು ಖಂಡಿಸಲು ಶುರುಮಾಡುವುದು ಮೂರನೆಯದರಲ್ಲಿ. ಈಕೆ ಎದುರಾಳಿಯ ಮಾತನ್ನೇ ಲೇಖಕರ ಮಾತೆಂದು ಬರೆದಿದ್ದರು. ಪುಟದಲ್ಲಿ ಅಡಿಗೆರೆ ಎಳೆಯದ ಸಾಲು ಹುಡುಕಬೇಕಿತ್ತು.

ಬೇಸಿಕ್ ರೈಟಿಂಗ್ ಹಿಡಿದಿದ್ದರೆ ಒಂದು ಸೆಮಿಸ್ಟರ್ ಪೂರ್ತಿ ವಾಕ್ಯ ತಿದ್ದುವುದರಲ್ಲೇ ಹೋಗುತ್ತಿತ್ತು, ತೊಡಕು ಇದ್ದಲ್ಲೇ ಇರುತ್ತಿತ್ತು. ಜೊತೆಗೆ ಇಂಥ ತಳಹದಿ ಕೋರ್ಸುಗಳ ಕ್ರೆಡಿಟ್ ಸಾಮಾನ್ಯವಾಗಿ ಪದವಿಗೆ ಸೇರುವುದಿಲ್ಲ. ಶುಲ್ಕ ಮಾತ್ರ ಕಟ್ಟಬೇಕು. ಮೆಟ್ಟಿಲು ಹೆಚ್ಚಿದಷ್ಟೂ ನಡುವೆ ಕೈಬಿಡುವವರೂ ಹೆಚ್ಚು. ಫೇಲಾಗಿ ಅಲ್ಲ, ಪಾಸಾದರೂ ಮುಂದಿನ ಕೋರ್ಸಿಗೆ ಹೆಸರು ನೋಂದಾಯಿಸದೆ. ಇದನ್ನು ಕಂಡೇ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯ ಕಮ್ಯುನಿಟಿ ಕಾಲೇಜಿನಲ್ಲಿ 2007ರಲ್ಲಿ, ನೇರ ಕಾಂಪೊಸಿಷನ್‌ಗೆ ಸೇರಿಸಿಕೊಂಡು ಅದೇ ಸೆಮಿಸ್ಟರಿನಲ್ಲಿ ಪಕ್ಕದಲ್ಲೊಂದು ನೆರವಿನ ತರಗತಿ ಕೊಡುವ ಕ್ರಮ ಶುರುಮಾಡಿದರು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ತಂದು, ವಿದ್ಯಾರ್ಥಿಗಳು ವರ್ಷದೊಳಗೆ ಟ್ರಾನ್ಸ್‌ಫರ್ ಮಟ್ಟದ, ಅಂದರೆ ವಿಶ್ವವಿದ್ಯಾಲಯದಲ್ಲೂ ಲೆಕ್ಕಕ್ಕೆ ಬರುವ ಇಂಗ್ಲಿಷ್ ಮುಗಿಸುವ ಸಾಧ್ಯತೆಯನ್ನು ಆದಷ್ಟೂ ಹೆಚ್ಚಿಸಬೇಕೆಂದು ತನ್ನ ಕಮ್ಯುನಿಟಿ ಕಾಲೇಜುಗಳಿಗೆ ವಿಧಿಸಿತು.

ಈಕೆಯ ಕಾಲೇಜಿನಲ್ಲೂ ಆ ಜೋಡಿ ಕೋರ್ಸ್ ಇತ್ತು. ಅದನ್ನೇ ತೆಗೆದುಕೊಳ್ಳಿ, ಎರಡನ್ನೂ ಒಬ್ಬರೇ ಪಾಠ ಮಾಡುವ ಸೆಕ್ಷನ್ ಹುಡುಕಿ ಎಂದೆ. ಎಂಟು ವಾರದ ಆನ್‌ಲೈನ್ ತರಗತಿ ಬೇಡವೆಂದೆ. ಪೂರ್ತಿ ಸೆಮಿಸ್ಟರಿನ ಓದನ್ನು ಅರ್ಧ ಕಾಲದಲ್ಲಿ ತುರುಕಿದರೆ ಈಕೆಗೆ ಕಷ್ಟ. ಮೂರು ಕ್ರೆಡಿಟ್ ಎಂದರೆ ವಾರಕ್ಕೆ ಮೂರು ಗಂಟೆ ಪಾಠ, ಹೊರಗೆ ಇನ್ನೂ ಆರು ಗಂಟೆ ಓದುಬರಹ. ನೆರವಿನ ತರಗತಿಯದು ಬೇರೆ. ಆದ್ದರಿಂದ ಅದೇ ಸೆಮಿಸ್ಟರಿಗೆ ಓದು ಹೆಚ್ಚಿರುವ ಇತಿಹಾಸ ಹಾಕಿಕೊಳ್ಳಬೇಡಿ, ಗಣಿತ ಆಗಬಹುದು ಎಂದೆ. ಮುಖ ಚಿಕ್ಕದು ಮಾಡಿದರು. ಇತಿಹಾಸವೇ ಅವರ ಇಷ್ಟದ ವಿಷಯ.

ಓದಿಗೆ ಒಂದೇ ಅಭ್ಯಾಸ ಹೇಳಿದೆ. ಅಡಿಗೆರೆ ನಿಲ್ಲಿಸಿ, ಪ್ರತಿ ಪ್ಯಾರಾದ ಅಂಚಿನಲ್ಲಿ 'ಇದು ಯಾರ ಮಾತು' ಎಂದು ಬರೆಯಿರಿ: ಲೇಖಕರದೋ, ಅವರು ಉತ್ತರಿಸುತ್ತಿರುವವರದೋ? ಕನ್ನಡದಲ್ಲೇ ಬರೆದರೂ ಸರಿ. ಅದೇ ಲೇಖನದ ಮೇಲೆ ಆಗಲೇ ಮಾಡಿಸಿದೆ. ಮೂರನೆಯ ಪ್ಯಾರಾದ 'ಬಟ್' ಹತ್ತಿರ ಪೆನ್ನು ನಿಂತಿತು. "ಅಯ್ಯೋ, ಇವರು ಅದನ್ನ ಒಪ್ಪೋದೇ ಇಲ್ವಲ್ಲ!"

ಅವರು ಕೇಳಿದ ಸೆಕ್ಷನ್ ಭರ್ತಿಯಾಗಿತ್ತು. ವೇಟ್‌ಲಿಸ್ಟಿಗೆ ಹೆಸರು ಹಾಕಿಸಿ, ಮೊದಲ ದಿನ ತಪ್ಪದೆ ಹೋಗಿ ಕೂರಿ, ಬಾರದವರ ಜಾಗ ಖಾಲಿಯಾಗುವುದು ಆ ವಾರದಲ್ಲೇ ಎಂದು ಹೇಳಿ ಕಳಿಸಿದ್ದೇನೆ.