ಥರ್ಮಲ್ ಪೇಸ್ಟ್ ಆರು ತಿಂಗಳಿಗೊಮ್ಮೆ ಬದಲಿಸಬೇಕಾ? ಬೇಡ, ಮೊದಲು ಧೂಳು ತೆಗೆಯಿರಿ

ಕಂಪ್ಯೂಟರ್‌ನಲ್ಲಿ ಎಎಂಡಿ ಕಂಪನಿಯ ರೈಜೆನ್ 5 3600 ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬಂದ ಕೂಲರ್, ನಾಲ್ಕು ವರ್ಷ ಹಳೆಯದು, ಎಡಿಟಿಂಗ್ ಮಾಡುವಾಗ 90 ಡಿಗ್ರಿ ದಾಟುತ್ತೆ, ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕಂತೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನನ್ನ ಹತ್ತಿರ ಇದ್ದದ್ದೂ ಇದೇ ಪ್ರೊಸೆಸರ್, ಇದೇ ಕೂಲರ್. ದಯವಿಟ್ಟು ಇದನ್ನು ಓದುವ ತನಕ ಕೂಲರ್‌ನ ಸ್ಕ್ರೂ ಮುಟ್ಟಬೇಡಿ.

ಕಲಬುರಗಿಯಲ್ಲಿ ನನ್ನದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಮೇ ತಿಂಗಳು ಅಂದ್ರೆ ಇಲ್ಲಿ ಮದುವೆ ಸೀಸನ್ನೂ ಹೌದು, ಬಿಸಿಲು 42 ದಾಟುವ ಕಾಲವೂ ಹೌದು. ರೆಂಡರ್‌ಗೆ, ಅಂದ್ರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಮಾಡೋಕೆ, ಹಾಕಿದರೆ ಟೆಂಪರೇಚರ್ ನಿಧಾನಕ್ಕೆ ಏರುತ್ತಾ ಏರುತ್ತಾ 95ಕ್ಕೆ ಬಂದು ನಿಲ್ಲುತ್ತಿತ್ತು. ಈ ಪ್ರೊಸೆಸರ್‌ಗೆ 95 ಗರಿಷ್ಠ ಮಿತಿ. ಅಲ್ಲಿಗೆ ಮುಟ್ಟಿದರೆ ಅದೇನೂ ಸುಟ್ಟುಹೋಗಲ್ಲ, ತಾನೇ ವೇಗ ತಗ್ಗಿಸಿಕೊಳ್ಳುತ್ತೆ. ಒಂದು ಗಂಟೆಯಲ್ಲಿ ಮುಗಿಯುವ ಕೆಲಸ ಎರಡು ಗಂಟೆ ಹಿಡಿಯುತ್ತೆ. ನೋಡಿದ ವಿಡಿಯೋಗಳಲ್ಲೆಲ್ಲ ಒಂದೇ ಮಾತು, ಪೇಸ್ಟ್ ಒಣಗಿರುತ್ತೆ, ಬದಲಿಸಿ. ನಾನೂ ತರಿಸಿದೆ.

ಬೆಳಿಗ್ಗೆ ಎದ್ದ ತಕ್ಷಣ ಕೂತೆ. ಸಿಸ್ಟಂ ರಾತ್ರಿಯಿಡೀ ಆಫ್ ಆಗಿತ್ತು, ತಣ್ಣಗಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಕೂಲರನ್ನು ನೆಟ್ಟಗೆ ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನಷ್ಟು ಜೋರಾಗಿ ಎಳೆದೆ. ಟಕ್ ಅಂತ ಬಂತು. ತಿರುಗಿಸಿ ನೋಡಿದರೆ ಪ್ರೊಸೆಸರ್ ಕೂಲರ್‌ನ ತಳಕ್ಕೆ ಅಂಟಿಕೊಂಡೇ ಬಂದಿತ್ತು. ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಸಾಕೆಟ್‌ನ ಲಿವರ್ ಮಾತ್ರ ಲಾಕ್ ಆಗಿ ಹಾಗೇ ಇತ್ತು.

ಯಾಕೆ ಹೀಗಾಯ್ತು ಅನ್ನೋದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನಿಮ್ಮದೂ ಇದೇ ಎಎಂ4 ಸಾಕೆಟ್. ಇದರಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನ ಹೊಟ್ಟೆಯಲ್ಲಿ, ಒಟ್ಟು 1331. ಲಿವರ್ ಕೆಳಗೆ ಒತ್ತಿದಾಗ ಸಾಕೆಟ್ ಒಳಗಿನ ಹಿಡಿಗಳು ಆ ಪಿನ್‌ಗಳನ್ನು ಪಕ್ಕದಿಂದ ಅದುಮಿ ಹಿಡಿಯುತ್ತವೆ, ಅಷ್ಟೇ. ಪ್ರೊಸೆಸರ್ ಮೇಲೆ ಯಾವ ಚೌಕಟ್ಟೂ ಇಲ್ಲ, ಕೊಕ್ಕೆಯೂ ಇಲ್ಲ. ವರ್ಷಗಟ್ಟಲೆ ಕಾಯ್ದ ಪೇಸ್ಟ್ ಗಟ್ಟಿಯಾಗಿರುತ್ತೆ. ತಣ್ಣಗಿದ್ದಾಗ ಅದರ ಹಿಡಿತ ಸಾಕೆಟ್‌ನ ಹಿಡಿತಕ್ಕಿಂತ ಜಾಸ್ತಿ. ನೆಟ್ಟಗೆ ಎಳೆದಾಗ ಸಾಕೆಟ್ ಸೋಲುತ್ತೆ, ಪ್ರೊಸೆಸರ್ ಕಿತ್ತು ಬರುತ್ತೆ. ಕೈ ಒಂದು ಚೂರು ಓರೆಯಾದರೂ ಅಂಚಿನ ಪಿನ್‌ಗಳು ಮಲಗುತ್ತವೆ. ನನ್ನದರಲ್ಲಿ ಒಂದು ಇಡೀ ಸಾಲು ಮಲಗಿತ್ತು. ಲೆಡ್ ಪೆನ್ಸಿಲ್‌ನಿಂದ ಲೆಡ್ ತೆಗೆದು, ಅದರ ತೂತಿಗೆ ಒಂದೊಂದೇ ಪಿನ್ ಸೇರಿಸಿ ನೆಟ್ಟಗೆ ಮಾಡ್ತಾ ಹೋದೆ. ಮೂಲೆಯ ಹತ್ತಿರದ ಪಿನ್ ಒಂದು ಬುಡಸಮೇತ ಮುರಿಯಿತು. ಮತ್ತೆ ಆ ಪ್ರೊಸೆಸರ್ ಚಾಲೂ ಆಗಲೇ ಇಲ್ಲ.

ಮಾಡಬೇಕಿದ್ದದ್ದು ಇಷ್ಟು ಮಾತ್ರ. ಬಿಚ್ಚುವ ಮೊದಲು ಹತ್ತು ಹದಿನೈದು ನಿಮಿಷ ಏನಾದರೂ ಭಾರದ ಕೆಲಸ ಹಚ್ಚಿ ಪೇಸ್ಟ್ ಬಿಸಿ ಮಾಡಬೇಕಿತ್ತು. ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಬೇಕಿತ್ತು. ಪೇಸ್ಟ್ ಸಡಿಲವಾಗಿ ಕೂಲರ್ ಕೈಯಲ್ಲಿ ಜಾರಿದ ಹಾಗೆ ಅನಿಸಿದ ಮೇಲೆ ಎತ್ತಬೇಕಿತ್ತು. ಎಳೆಯಬಾರದು, ತಿರುವಬೇಕು. ಇಂಟೆಲ್‌ನವರು 2004ರ ಎಲ್‌ಜಿಎ 775 ಸಾಕೆಟ್‌ನಿಂದಲೇ ಡೆಸ್ಕ್‌ಟಾಪ್‌ಗಳಲ್ಲಿ ಪಿನ್‌ಗಳನ್ನು ಸಾಕೆಟ್‌ಗೆ ಸಾಗಿಸಿ, ಪ್ರೊಸೆಸರ್ ಮೇಲೆ ಚೌಕಟ್ಟು ಕೂರಿಸಿದರು. ಎಎಂಡಿಯ ಹೊಸ ಎಎಂ5 ಸಾಕೆಟ್ ಕೂಡ ಹಾಗೇ. ಅವುಗಳಲ್ಲಿ ಈ ಭಯ ಇಲ್ಲ. ನೀವು ನೋಡಿರುವ ವಿಡಿಯೋದಲ್ಲಿ ಸಲೀಸಾಗಿ ಎಳೆದಿದ್ದರೆ ಅದು ಅಂಥ ಬೋರ್ಡ್ ಇರಬೇಕು.

ನನಗೆ ಹೆಚ್ಚು ಸಂಕಟ ಆಗಿದ್ದು ಆಮೇಲೆ. ಹೊಸ ಪ್ರೊಸೆಸರ್ ಬರುವ ತನಕ ಸುಮ್ನೆ ಕೂತಿದ್ದಾಗ ಆ ಕೂಲರನ್ನು ಬೆಳಕಿಗೆ ಹಿಡಿದು ನೋಡಿದೆ. ಮೇಲಿನಿಂದ ಫ್ಯಾನ್ ಚೊಕ್ಕಟವಾಗೇ ಕಾಣ್ತಿತ್ತು. ಅಲಗುಗಳ ಸಂದಿಯಿಂದ ಟಾರ್ಚ್ ಬಿಟ್ಟರೆ ಕೆಳಗೆ ಅಲ್ಯೂಮಿನಿಯಂ ಕಾಣಲೇ ಇಲ್ಲ. ಫ್ಯಾನ್‌ಗೂ ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಧೂಳು ಕಂಬಳಿ ಹಾಸಿದ ಹಾಗೆ ಕೂತಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಹಾಳೆಯಾಗಿ ಎದ್ದು ಬಂತು. ಗಾಳಿ ಒಳಗೆ ಹೋಗುತ್ತಲೇ ಇರಲಿಲ್ಲ. ಆಫೀಸಿನ ಇನ್ನೊಂದು ಸಿಸ್ಟಂ ಕೂಡ ಅದೇ ವಯಸ್ಸಿನದು. ಅದರ ಪೇಸ್ಟ್ ಮುಟ್ಟದೆ ಧೂಳು ಮಾತ್ರ ತೆಗೆದೆ. ಅದೇ ಕೋಣೆ, ಅದೇ ರೆಂಡರ್, 10 ಡಿಗ್ರಿಗಿಂತ ಜಾಸ್ತಿ ಇಳಿಯಿತು.

ಹಾಗಾಗಿ ಯಾವ ಪೇಸ್ಟ್ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಆರು ತಿಂಗಳಿಗೊಮ್ಮೆ ಅನ್ನೋದಂತೂ ಶುದ್ಧ ಅನಗತ್ಯ. ಆರ್ಕ್ಟಿಕ್ ಕಂಪನಿ ತನ್ನ ಎಂಎಕ್ಸ್-4 ಪೇಸ್ಟ್ 8 ವರ್ಷ ಬಾಳುತ್ತೆ ಅಂತ ತಾನೇ ಹೇಳಿಕೊಂಡಿದೆ. ಅಷ್ಟು ನಂಬದಿದ್ದರೂ ಸರಿ, ಕೂಲರ್ ಬಿಚ್ಚಿದಾಗ ಬದಲಿಸಿ, ಇಲ್ಲದಿದ್ದರೆ ಬಿಡಿ. ಒಳ್ಳೆಯ ಪೇಸ್ಟ್‌ಗಳ ನಡುವೆ ಇರುವುದು ಒಂದೆರಡು ಡಿಗ್ರಿಯ ವ್ಯತ್ಯಾಸ.

ಪೇಸ್ಟ್ ನಿಜವಾಗಲೂ ಕೆಟ್ಟಿದೆಯಾ ಅಂತ ಬಿಚ್ಚದೆಯೇ ಅಂದಾಜು ಮಾಡಬಹುದು. ರೆಂಡರ್ ಶುರುವಾದ ಕೆಲವೇ ಸೆಕೆಂಡಿಗೆ 90ಕ್ಕೆ ಜಿಗಿದರೆ ಪೇಸ್ಟ್ ಮೇಲೆ ಅಥವಾ ಕೂಲರ್ ಸರಿಯಾಗಿ ಕೂತಿಲ್ಲ ಅಂತ ಅನುಮಾನಪಡಿ. ನನ್ನದರ ಹಾಗೆ ನಿಧಾನಕ್ಕೆ ಏರಿದರೆ ಅದು ಗಾಳಿಯ ಸಮಸ್ಯೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ರೆಂಡರ್ ಮಾಡಿ. ಚೆನ್ನಾಗಿ ಇಳಿದರೆ ಬಿಸಿ ಗಾಳಿ ಕ್ಯಾಬಿನೆಟ್ ಒಳಗೇ ಸುತ್ತುತ್ತಿದೆ ಅಂತ ಅರ್ಥ. ಮೇಜಿನ ಕೆಳಗೆ ಗೋಡೆಗೆ ಒತ್ತಿ ಇಟ್ಟಿದ್ದೀರಾ ನೋಡಿ. ಇನ್ನೊಂದು ಮಾತು, ಕೋಣೆಯೇ 38 ಡಿಗ್ರಿ ಇದ್ದಾಗ ಬೆಂಗಳೂರಿನವರು ಜನವರಿಯಲ್ಲಿ ಹೇಳುವ 70ರ ಲೆಕ್ಕ ನಮಗೆ ಬರಲ್ಲ. ಕೂಲರ್ ಕೋಣೆಯ ಬಿಸಿಯ ಮೇಲೆ ಇಷ್ಟು ಅಂತ ಕೆಲಸ ಮಾಡುತ್ತೆ. ಕೋಣೆ 15 ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಏರುತ್ತೆ.

ಧೂಳು ತೆಗೆಯುವಾಗ ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಕ್ಯಾಬಿನೆಟ್ ಹೊರಗೆ ಒಯ್ಯಿರಿ. ಪೇಂಟಿಂಗ್ ಬ್ರಷ್ಷಿನಿಂದ ಸಡಿಲಿಸಿ, ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದಿರಿ, ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತೆ. ಪವರ್ ಸಪ್ಲೈಯನ್ನು ಹೊರಗಿನಿಂದಲೇ ಊದಿ. ಅದರ ಡಬ್ಬಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ.

ಇಷ್ಟಾದ ಮೇಲೂ ಪೇಸ್ಟ್ ಹಾಕಲೇಬೇಕಾದರೆ ಹಳೆಯದನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ನಡುವೆ ಬಟಾಣಿಗಿಂತ ಸ್ವಲ್ಪ ಚಿಕ್ಕ ಹನಿ ಇಡಿ. ಪೇಸ್ಟ್ ಲೋಹದಷ್ಟು ಚೆನ್ನಾಗಿ ಶಾಖ ದಾಟಿಸಲ್ಲ. ಎರಡು ಲೋಹಗಳ ನಡುವಿನ ಸಣ್ಣ ಗೀರುಗಳಲ್ಲಿ ಗಾಳಿ ನಿಲ್ಲದ ಹಾಗೆ ತುಂಬುವುದಷ್ಟೇ ಅದರ ಕೆಲಸ. ದಪ್ಪ ಬಳಿದರೆ ನಷ್ಟವೇ. ಪೇಸ್ಟ್ ಬದಲು ಕೆಲವರು ಹಚ್ಚುವ ಲಿಕ್ವಿಡ್ ಮೆಟಲ್ ಅಂತೂ ಬೇಡವೇ ಬೇಡ, ಅದರಲ್ಲಿರುವ ಗ್ಯಾಲಿಯಂ ನಿಮ್ಮ ಕೂಲರ್‌ನ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತೆ.

ಇವತ್ತು ಒಂದು ರೆಂಡರ್ ಹಾಕಿ ಎಷ್ಟು ನಿಮಿಷಕ್ಕೆ ಎಷ್ಟು ಡಿಗ್ರಿ ಅಂತ ಬರೆದಿಟ್ಟುಕೊಳ್ಳಿ. ಧೂಳು ತೆಗೆದು ಅದೇ ರೆಂಡರ್ ಮತ್ತೆ ಹಾಕಿ. ಎರಡೂ ಅಂಕಿ ಇಲ್ಲೇ ತಿಳಿಸಿ, ಆಮೇಲೂ ಬಿಚ್ಚಬೇಕು ಅನಿಸಿದರೆ ಹೇಗೆ ಅಂತ ಒಂದೊಂದೇ ಹೆಜ್ಜೆ ಹೇಳ್ತೀನಿ.