ಮಗಳಿಗೆ ಥೈರಾಯ್ಡ್ ಹೆಚ್ಚಾಗಿದೆ: ಮೀನು, ಉಪ್ಪು ಬಿಟ್ಟರೆ ಮಾತ್ರೆ ತಪ್ಪುತ್ತದೆಯೇ?

ಹನ್ನೊಂದು ವರ್ಷದ ಮಗಳಿಗೆ ಗ್ರೇವ್ಸ್ ಕಾಯಿಲೆ ಎಂದು ಗೊತ್ತಾಗಿದೆ, ಮೀನು ಮತ್ತು ಅಯೋಡಿನ್ ಉಪ್ಪು ಬಿಟ್ಟರೆ ಮಾತ್ರೆ ತಪ್ಪುತ್ತದೆಯೇ ಎಂದು ಕುಮಟಾದಿಂದ ಕೇಳಿದ್ದೀರಿ. ತಪ್ಪುವುದಿಲ್ಲ.

ನನ್ನ ಮಗಳಿಗೂ ಇದೇ ಕಾಯಿಲೆ. ನಾವು ಅಂಕೋಲಾದವರು, ಹಾಗಾಗಿ ಮೀನಿನ ಮೇಲಿನ ಈ ಆರೋಪ ನನಗೆ ಹೊಸತಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ತಯಾರಿಸುವ ಪ್ರತಿಕಾಯಗಳು ಥೈರಾಯ್ಡ್ ಗ್ರಂಥಿಯನ್ನು ಬಿಡುವಿಲ್ಲದೆ ಕೆರಳಿಸಿ ಹಾರ್ಮೋನ್ ಹೆಚ್ಚು ತಯಾರಿಸುವಂತೆ ಮಾಡುವುದರಿಂದ ಗ್ರೇವ್ಸ್ ಬರುತ್ತದೆ. ಬಂಗಡೆ ಸಾರು ಅದನ್ನು ತಂದದ್ದಲ್ಲ, ಬಿಟ್ಟರೆ ಅದು ಹೋಗುವುದೂ ಇಲ್ಲ. ಅಯೋಡಿನ್ ಬೇಡ, ಸಾಣಿಕಟ್ಟಾದ ಹರಳುಪ್ಪು ತನ್ನಿ ಎಂದು ಹೇಳುವವರು ನಿಮಗೂ ಸಿಗುತ್ತಾರೆ, ಕೇಳಿ ಸುಮ್ಮನಿರಿ. ದೂರವಿಡಬೇಕಾದದ್ದು ಕಡಲಕಳೆಯ ಮಾತ್ರೆ ಮತ್ತು ಅಯೋಡಿನ್ ತುಂಬಿದ ಟಾನಿಕ್. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಕೊಡುತ್ತಿದ್ದರೆ ರಕ್ತ ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಿ, ಅದು ವರದಿಯನ್ನೇ ತಪ್ಪಾಗಿ ತೋರಿಸಬಲ್ಲದು. ಮನೆಯಲ್ಲಿ ಬೀಡಿ ಸೇದುವ ಹಿರಿಯರಿದ್ದರೆ ಅವರನ್ನು ಅಂಗಳಕ್ಕೆ ಕಳುಹಿಸಿ. ಈ ಕಾಯಿಲೆಯಲ್ಲಿ ಕಣ್ಣಿಗೆ ಹೊಗೆ ಕೆಡುಕು.

ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್. ಗ್ರಂಥಿಯಲ್ಲಿ ಆಗಲೇ ಶೇಖರವಾಗಿರುವ ಹಾರ್ಮೋನ್ ಖರ್ಚಾಗಬೇಕಾದ್ದರಿಂದ ಗುಣ ಕಾಣಲು ಕೆಲವು ವಾರಗಳೇ ಬೇಕು. ಅಲ್ಲಿಯವರೆಗೆ ಎದೆಬಡಿತ, ಕೈನಡುಕಕ್ಕೆ ಪ್ರೊಪ್ರನೊಲೊಲ್ ಬರೆಯುತ್ತಾರೆ. ಮಗಳಿಗೆ ಆಸ್ತಮಾ ಇದ್ದರೆ ಅದನ್ನು ಮೊದಲೇ ಹೇಳಿ. ಪ್ರೊಪೈಲ್‌ಥಯೋಯುರಾಸಿಲ್ ಎಂಬ ಇನ್ನೊಂದು ಔಷಧ ಯಕೃತ್ತಿಗೆ ತೀವ್ರ ಹಾನಿ ಮಾಡಬಹುದೆಂದು ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ನನ್ನ ಚಿಂತೆಯೆಲ್ಲ ಇರುವುದು ಜ್ವರದ ಬಗ್ಗೆ. ಕಾರ್ಬಿಮಜೋಲ್, ಮೆಥಿಮಜೋಲ್ ಮಾತ್ರೆಗಳು ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯಕರ ಮಟ್ಟಕ್ಕೆ ಇಳಿಸುತ್ತವೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ನಮ್ಮ ಕರಾವಳಿಯಲ್ಲಿ ಆಷಾಢದ ಮಳೆಗೆ ಮಕ್ಕಳ ಮೈ ಬಿಸಿಯಾದರೆ ಕಷಾಯ ಕುಡಿಸಿ ಮಲಗಿಸುವುದು ರೂಢಿ. ನಿಮ್ಮ ಮಗಳಿಗೆ ಆ ರೂಢಿ ಸಲ್ಲದು. ಜ್ವರ, ಗಂಟಲುನೋವು, ಬಾಯಿಹುಣ್ಣು ಕಂಡರೆ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ನಿಲ್ಲಿಸಿ ಅಂದೇ ರಕ್ತಕಣಗಳ ಎಣಿಕೆ ಮಾಡಿಸಿ, ವರದಿ ನೋಡಿದ ವೈದ್ಯರು ಹೇಳಿದ ಮೇಲಷ್ಟೇ ಮತ್ತೆ ಶುರುಮಾಡಿ. ರಾತ್ರಿ ಹೊತ್ತು ಈ ಪರೀಕ್ಷೆ ಎಲ್ಲಿ ಆಗುತ್ತದೆಂದು ಈಗಲೇ ವಿಚಾರಿಸಿಡಿ.

ಶಾಲೆಗೂ ವಿಷಯ ತಿಳಿಸಿ. ಅಕ್ಷರ ಕೆಡುವುದು, ಕುಳಿತಲ್ಲಿ ಕೂರದಿರುವುದು, ಸಣ್ಣದಕ್ಕೂ ಅಳುವುದು ಕಾಯಿಲೆಯ ಲಕ್ಷಣಗಳೇ. ಶಿಕ್ಷಕರು ಅದನ್ನು ತುಂಟತನವೆಂದು ಬೈಯಬಾರದು. ಎದೆಬಡಿತ ಹತೋಟಿಗೆ ಬರುವವರೆಗೆ ಓಟ, ಕಬಡ್ಡಿ ಬೇಡ.

ಮಾತ್ರೆ ಎಷ್ಟು ಕಾಲ ಎಂದರೆ, ಕಡಿಮೆಯೆಂದರೂ ಎರಡು ವರ್ಷ, ಅನೇಕ ಮಕ್ಕಳಿಗೆ ಅದಕ್ಕಿಂತ ಹೆಚ್ಚು. ಮಾತ್ರೆ ನಿಲ್ಲಿಸಿದ ಮೇಲೆ ಮರಳಿ ಬಂದರೆ ಮತ್ತೆ ಮಾತ್ರೆ, ಶಸ್ತ್ರಚಿಕಿತ್ಸೆ ಅಥವಾ ಸ್ವಲ್ಪ ದೊಡ್ಡ ಮಕ್ಕಳಾದರೆ ಗ್ರಂಥಿಯನ್ನು ಕುಗ್ಗಿಸುವ ವಿಕಿರಣ ಅಯೋಡಿನ್ ಚಿಕಿತ್ಸೆ ಇದೆ. ಆ ನಿರ್ಧಾರದ ಹೊತ್ತಿಗೆ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಯಲ್ಲಿ ಮಕ್ಕಳ ಹಾರ್ಮೋನ್ ತಜ್ಞರನ್ನು ಕಾಣುವುದು ಒಳ್ಳೆಯದು.